ರಾಣಿ ಪವನ್: ನಮ್ಮ ಕರಾವಳಿಗೆ ಬಂದ ಒಂದು ಚಿನ್ನದ ನಾಣ್ಯದ ಕಥೆ

ಬೆಳ್ಳಿಹಬ್ಬದ ಸಂಚಿಕೆಯಲ್ಲಿ ಚಿನ್ನದ ಮಾತು ಯಾಕೆ ಎಂದು ಓದುಗ ಬಾಂಧವರು ಕೇಳಬಹುದು. ಕಾರಣ ಇದೆ. ನಮ್ಮ ಸಂಘದ ಕಟ್ಟಡದೊಳಗೆ ದಿನಕ್ಕೆ ಅತಿ ಹೆಚ್ಚು ಸಲ ಕೇಳಿಬರುವ ಶಬ್ದ ಯಾವುದು ಅಂತ ಯೋಚಿಸಿ ಕಾಣಿ. ಸಾಲ, ಬಡ್ಡಿ, ಠೇವಣಿ ಇವೆಲ್ಲ ಇದ್ದದ್ದೇ. ಅದರ ಜೊತೆಗೆ ಒಂದು ಶಬ್ದ ಇದೆ: ಪವನ್. "ಎಷ್ಟ್ ಪವನ್ ಇತ್ತ್?" ಎಂದು ಈಡಿನ ಸಾಲದ ಮೇಜಿನಲ್ಲಿ ಕೇಳುತ್ತಾರೆ. "ಹೆಣ್ಣಿಗೆ ಎಷ್ಟ್ ಪವನ್ ಹಾಕ್ತ್ರ್ ಅಂಬ್ರ್?" ಎಂದು ಮದುವೆ ಮನೆಯ ಚಪ್ಪರದಲ್ಲಿ ಕೇಳುತ್ತಾರೆ. ಘಟ್ಟದ ಮೇಲಿನವರು ತೊಲ ಅಂತಾರೆ, ಪೇಟೆಯ ಅಂಗಡಿಯವರು ಗ್ರಾಂ ಅಂತಾರೆ. ಬೈಂದೂರಿನಿಂದ ಬ್ರಹ್ಮಾವರದವರೆಗಿನ ನಮಗೆ ಮಾತ್ರ ಇಂದಿಗೂ ಪವನ್ ಲೆಕ್ಕವೇ ಲೆಕ್ಕ. ಕೇರಳ, ತಮಿಳುನಾಡಿನವರಿಗೂ ಹಾಗೆಯೇ.

ಈ ಪವನ್ ನಮ್ಮ ಭಾಷೆಯ ಮೂಲ ಶಬ್ದವಲ್ಲ. ಇಂಗ್ಲೆಂಡಿನ ಪೌಂಡು ನಮ್ಮ ಬಾಯಲ್ಲಿ ಪವನ್ ಆಯಿತು. ಪೌಂಡಿನ ಬೆಲೆಯ ಚಿನ್ನದ ನಾಣ್ಯಕ್ಕೆ ಅವರ ಭಾಷೆಯಲ್ಲಿ ಸಾವರಿನ್ ಎಂದು ಹೆಸರು. ಅದರ ಒಂದು ಮುಖದಲ್ಲಿ 63 ವರ್ಷ ರಾಜ್ಯವಾಳಿದ ವಿಕ್ಟೋರಿಯಾ ರಾಣಿಯ ತಲೆ ಇತ್ತು. ಆದ್ದರಿಂದ ನಮ್ಮ ಹಿರಿಯರು ಅದನ್ನು ರಾಣಿ ಪವನ್ ಎಂದರು. ಆಕೆಯ ಆಳ್ವಿಕೆಗೆ 50 ವರ್ಷ ತುಂಬಿದಾಗ ಹೊಸ ಮುಖವಿಟ್ಟು ಅಚ್ಚು ಹಾಕಿದ ಸುವರ್ಣ ಮಹೋತ್ಸವದ ಪವನ್ ಕೂಡ ನಮ್ಮ ಮನೆಗಳ ಪೆಟ್ಟಿಗೆ ಸೇರಿದೆ. ಲಂಡನ್ನಿನ ಟಂಕಸಾಲೆಯ ಬಿಲ್ಲೆಯೊಂದು ನಮ್ಮ ಗದ್ದೆಯ ಬದುವಿಗೆ ಹೇಗೆ ಬಂತು, ಬಂದು ಏನು ಮಾಡಿತು ಎಂಬುದೇ ಈ ಲೇಖನದ ವಿಷಯ.

ಪವನಿಗಿಂತ ಮೊದಲು

ಇಂಗ್ಲಿಷರು ಬರುವ ಮೊದಲು ನಮ್ಮವರು ಚಿನ್ನದ ನಾಣ್ಯವನ್ನೇ ಕಂಡಿರಲಿಲ್ಲ ಎಂದು ಯಾರಾದರೂ ತಿಳಿದರೆ ಅದು ತಪ್ಪು. ಈಗಿನ ಬ್ರಹ್ಮಾವರ ತಾಲೂಕಿನ ಬಾರ್ಕೂರು ಒಂದು ಕಾಲಕ್ಕೆ ಆಳುಪ ಅರಸರ ರಾಜಧಾನಿ. ಆಳುಪರ ಚಿನ್ನದ ನಾಣ್ಯಗಳಲ್ಲಿ ಜೋಡಿ ಮೀನಿನ ಲಾಂಛನವಿದೆ, ಹಿಂಬದಿಯಲ್ಲಿ ನಾಗರಿ ಲಿಪಿಯಲ್ಲಿ 'ಶ್ರೀ ಪಾಂಡ್ಯ ಧನಂಜಯ' ಎಂಬ ಬಿರುದಿದೆ. ಗಮನಿಸಬೇಕಾದ ಸಂಗತಿ ಎಂದರೆ ಅದು ವಂಶದ ಬಿರುದೇ ಹೊರತು ಒಬ್ಬ ಅರಸನ ಮುಖವಲ್ಲ, ಆಳಿದ ವರ್ಷದ ಲೆಕ್ಕವೂ ಅಲ್ಲ.

ವಿಜಯನಗರದ ಕಾಲಕ್ಕೆ ಬಾರ್ಕೂರು ಒಂದು ರಾಜ್ಯದ, ಅಂದರೆ ಪ್ರಾಂತ್ಯದ, ಮುಖ್ಯಸ್ಥಳವಾಯಿತು. ಆಗಿನ ಶಾಸನಗಳಲ್ಲಿ 'ಬಾರಕೂರು ಗದ್ಯಾಣ', 'ಮಂಗಳೂರು ಗದ್ಯಾಣ' ಎಂಬ ಮಾತು ಬರುತ್ತದೆ. ಒಂದು ಊರಿನ ಹೆಸರಿನಿಂದಲೇ ನಾಣ್ಯವನ್ನು ಕರೆಯುತ್ತಿದ್ದರೆಂದರೆ ಆ ಊರಿನ ಟಂಕಸಾಲೆಯ ಮೇಲೆ ಜನರಿಗೆ ಎಷ್ಟು ನಂಬಿಕೆ ಇದ್ದಿರಬೇಕು! ದೇವಸ್ಥಾನದ ನಂದಾದೀಪಕ್ಕೆ, ಅಮೃತಪಡಿಗೆ, ಬ್ರಾಹ್ಮಣ ಭೋಜನಕ್ಕೆ ಬಿಟ್ಟ ದತ್ತಿಗಳನ್ನು ಗದ್ಯಾಣದಲ್ಲೇ ಬರೆಸಿದ್ದಾರೆ. 1443ರಲ್ಲಿ ಕರಾವಳಿಗೆ ಇಳಿದು ಘಟ್ಟ ಹತ್ತಿ ವಿಜಯನಗರಕ್ಕೆ ಹೋದ ಪಾರಸಿ ರಾಯಭಾರಿ ಅಬ್ದುರ್ ರಜಾಕ್ ಕೂಡ ವರಹ, ಅದರ ಅರ್ಧ ಬೆಲೆಯ ಪ್ರತಾಪ, ಪ್ರತಾಪದ ಹತ್ತರಲ್ಲೊಂದು ಪಾಲಿನ ಹಣ, ಹೀಗೆ ಚಿನ್ನದ ನಾಣ್ಯಗಳನ್ನು ವಿವರಿಸಿದ್ದಾನೆ.

ಆಮೇಲೆ ಬಂದದ್ದು ಇಕ್ಕೇರಿ ವರಹ. ಕೆಳದಿಯ ಸದಾಶಿವ ನಾಯಕನ ಕಾಲದಿಂದ ನಡೆದ ಈ ವರಹದ ಮೇಲೆ ಶಿವ ಪಾರ್ವತಿಯರು ಕುಳಿತಿದ್ದಾರೆ. 1763ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದ. ಗೆದ್ದವನು ನಾಣ್ಯ ಬದಲಿಸಬೇಕಲ್ಲ? ಅವನು ಹಾಕಿಸಿದ ಬಹದ್ದೂರಿ ವರಹದಲ್ಲಿಯೂ ಮುಂಬದಿಗೆ ಅದೇ ಶಿವ ಪಾರ್ವತಿಯರೇ ಇದ್ದಾರೆ! ಹಿಂಬದಿಯಲ್ಲಿ ಮಾತ್ರ ತನ್ನ ಹೆಸರಿನ ಒಂದು ಪಾರಸಿ ಅಕ್ಷರ ಹಾಕಿಸಿಕೊಂಡ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ ವರಹದಲ್ಲೂ ಶಿವ ಪಾರ್ವತಿಯರೇ. ದೊರೆಗಳು ಬದಲಾದರೂ ಸಂತೆಯ ನಂಬಿಕೆಯನ್ನು ಬದಲಿಸಲು ಯಾರೂ ಹೋಗಲಿಲ್ಲ ಎಂಬುದು ಇದರಿಂದ ತಿಳಿಯುತ್ತದೆ. ನಾಣ್ಯದ ನಿಜವಾದ ಒಡೆಯ ದೊರೆಯಲ್ಲ, ಅದನ್ನು ಕೈಯಲ್ಲಿ ಹಿಡಿದು ತೂಗಿ ನೋಡುವ ರೈತ ಮತ್ತು ವರ್ತಕ.

1799ರಲ್ಲಿ ಟಿಪ್ಪು ಮಡಿದ ಮೇಲೆ ಕನ್ನಡ ಜಿಲ್ಲೆ ಕಂಪೆನಿ ಸರಕಾರದ ಕೈಗೆ ಹೋಯಿತು. ಮೊದಮೊದಲು ಕಂದಾಯದ ಲೆಕ್ಕ ವರಹದಲ್ಲೇ ನಡೆಯಿತು. 1818ರಲ್ಲಿ ಮದ್ರಾಸ್ ಪ್ರಾಂತ್ಯದಲ್ಲಿ ವರಹವನ್ನು ಬಿಟ್ಟು ಬೆಳ್ಳಿಯ ರೂಪಾಯಿಯನ್ನು ಮೂಲ ನಾಣ್ಯವೆಂದು ನಿಗದಿ ಮಾಡಿದರು. ಒಂದು ವರಹಕ್ಕೆ ಮೂರೂವರೆ ರೂಪಾಯಿ. 1862ರಲ್ಲಿ ಉತ್ತರ ಕನ್ನಡ ಮುಂಬಯಿ ಪ್ರಾಂತ್ಯಕ್ಕೆ ಹೋದಾಗ ಕುಂದಾಪುರ ತಾಲೂಕು ಮಾತ್ರ ಮದ್ರಾಸಿನಲ್ಲೇ ಉಳಿದು ದಕ್ಷಿಣ ಕನ್ನಡಕ್ಕೆ ಸೇರಿತು. ಹೀಗೆ ನೂರಾರು ವರ್ಷ ಚಿನ್ನದ ನಾಣ್ಯ ಬಳಸಿದ ನಮ್ಮ ಸೀಮೆಯಲ್ಲಿ ಚಿನ್ನದ ನಾಣ್ಯದ ಚಲಾವಣೆ ನಿಂತುಹೋಯಿತು. ಚಿನ್ನದ ಮೇಲಿನ ನಂಬಿಕೆ ಮಾತ್ರ ನಿಲ್ಲಲಿಲ್ಲ. ಆ ಖಾಲಿ ಜಾಗಕ್ಕೆ ಬಂದು ಕುಳಿತದ್ದೇ ಪವನ್.

ರಾಣಿಯ ಮೂರು ಮುಖ

ವಿಕ್ಟೋರಿಯಾ ಪಟ್ಟಕ್ಕೆ ಬಂದದ್ದು 1837ರ ಜೂನ್ 20ರಂದು, 18ನೆಯ ವಯಸ್ಸಿನಲ್ಲಿ. ತೀರಿಕೊಂಡದ್ದು 1901ರ ಜನವರಿಯಲ್ಲಿ. ಇಷ್ಟು ದೀರ್ಘ ಕಾಲದಲ್ಲಿ ಆಕೆಯ ಪವನಿನ ಮೇಲೆ ಮೂರು ಮುಖಗಳು ಬಂದವು. ಗುರುತಿಗೆ ಸುಲಭವಾಗಲೆಂದು ನಾನು ಇವಕ್ಕೆ ತುರುಬಿನ ರಾಣಿ, ಕಿರೀಟದ ರಾಣಿ, ಮುಸುಕಿನ ರಾಣಿ ಎಂದು ಹೆಸರಿಟ್ಟುಕೊಂಡಿದ್ದೇನೆ.

ಮೊದಲನೆಯದು 1838ರಿಂದ 1887ರವರೆಗಿನದು. ವಿಲಿಯಂ ವಾಯನ್ ಎಂಬಾತ ಕೆತ್ತಿದ್ದು. ಕೂದಲನ್ನು ಹಿಂದಕ್ಕೆ ಕಟ್ಟಿದ ಎಳೆ ಹರೆಯದ ಮುಖ. ವಿಚಿತ್ರವೆಂದರೆ ರಾಣಿಗೆ 60 ದಾಟಿದರೂ ನಾಣ್ಯದಲ್ಲಿ ಅದೇ ಹದಿಹರೆಯದ ಮುಖ ನಡೆಯುತ್ತಲೇ ಇತ್ತು.

ಎರಡನೆಯದೇ ಸುವರ್ಣ ಮಹೋತ್ಸವದ ಪವನ್. 1887ಕ್ಕೆ ಆಳ್ವಿಕೆಗೆ 50 ವರ್ಷ ತುಂಬಿತು. ಜೋಸೆಫ್ ಎಡ್ಗರ್ ಬೋಮ್ ಎಂಬ ಶಿಲ್ಪಿಯಿಂದ ಹೊಸ ಮುಖ ಮಾಡಿಸಿ ಚಿನ್ನ, ಬೆಳ್ಳಿಯ ನಾಣ್ಯಗಳಿಗೆ ಹಾಕಿಸಿದರು. ಪವನಿನ ಜೊತೆಗೆ ಎರಡು ಪೌಂಡು, ಐದು ಪೌಂಡಿನ ದೊಡ್ಡ ಚಿನ್ನದ ನಾಣ್ಯಗಳೂ ಹೊರಟವು. ತಲೆಯ ಮೇಲೆ ಒಂದು ಪುಟ್ಟ ಕಿರೀಟ, ಅದರ ಕೆಳಗಿನಿಂದ ಇಳಿದ ಮುಸುಕು. ಆ ಕಿರೀಟ ಎಷ್ಟು ಪುಟ್ಟದೆಂದರೆ ಈಗ ಬಿದ್ದೀತೋ ಆಗ ಬಿದ್ದೀತೋ ಎನ್ನುವಂತೆ ಕಾಣುತ್ತದೆ. ಇಂಗ್ಲೆಂಡಿನ ಜನರೇ ಇದನ್ನು ಗೇಲಿ ಮಾಡಿದರು.

ಗೇಲಿಯಷ್ಟೇ ಅಲ್ಲ, ಮೋಸಕ್ಕೂ ದಾರಿಯಾಯಿತು. ಅದೇ ವರ್ಷ ಹೊರಟ ಆರು ಪೆನ್ನಿಯ ಬೆಳ್ಳಿ ನಾಣ್ಯ ಅಳತೆಯಲ್ಲಿಯೂ ಹಿಂಬದಿಯ ಗುರಾಣಿ ಚಿತ್ರದಲ್ಲಿಯೂ ಅರ್ಧ ಪವನನ್ನು ಹೋಲುತ್ತಿತ್ತು. ಕಿಲಾಡಿಗಳು ಅದಕ್ಕೆ ಚಿನ್ನದ ನೀರು ಕುಡಿಸಿ ಅರ್ಧ ಪವನ್ ಎಂದು ದಾಟಿಸತೊಡಗಿದರು. ಆರು ಪೆನ್ನಿಯ ಬಿಲ್ಲೆಗೆ 120 ಪೆನ್ನಿಯ ಬೆಲೆ, ಅಂದರೆ ಒಂದಕ್ಕೆ 20 ಪಾಲು! ಸರಕಾರ ಅದೇ ವರ್ಷ ಆ ನಾಣ್ಯವನ್ನು ಹಿಂದೆಗೆದು ಬೇರೆ ಅಚ್ಚು ಮಾಡಬೇಕಾಯಿತು. ಚಕ್ರವರ್ತಿನಿಯ ಟಂಕಸಾಲೆಗೂ ಇಂಥ ಫಜೀತಿ ತಪ್ಪಿದ್ದಲ್ಲ. ಹಾಗಿರುವಾಗ ನಮ್ಮ ಸಂಘದ ಚಿನ್ನ ಪರೀಕ್ಷಕರು ಸಾಣೆಕಲ್ಲಿಗೆ ಉಜ್ಜಿ ಎರಡೆರಡು ಸಲ ನೋಡಿದರೆ ಸದಸ್ಯರು ಬೇಜಾರು ಮಾಡಿಕೊಳ್ಳಬಾರದು.

ಮೂರನೆಯದು 1893ರಿಂದ. ಥಾಮಸ್ ಬ್ರಾಕ್ ಕೆತ್ತಿದ, ಮುಸುಕು ಹೊದ್ದ ವಯಸ್ಸಾದ ಮುಖ. ಆಲ್ಬರ್ಟ್ ರಾಜಕುಮಾರ 1861ರಲ್ಲಿ ತೀರಿಕೊಂಡ ಮೇಲೆ ಕೊನೆಯವರೆಗೂ ಕಪ್ಪು ಬಟ್ಟೆಯಲ್ಲಿದ್ದ ರಾಣಿಯ ನಿಜರೂಪಕ್ಕೆ ಇದೇ ಹತ್ತಿರದ್ದು.

ಇಲ್ಲೊಂದು ಸಂಗತಿ ಇದೆ. ವಿಕ್ಟೋರಿಯಾ ಭಾರತದ ಚಕ್ರವರ್ತಿನಿ ಎಂದು ದಿಲ್ಲಿ ದರ್ಬಾರಿನಲ್ಲಿ ಸಾರಿದ್ದು 1877ರ ಜನವರಿ 1ರಂದು. ನಮ್ಮ ರೂಪಾಯಿಯ ಮೇಲೆ ಆ ವರ್ಷದಿಂದಲೇ ಆ ಬಿರುದು ಬಂತು. ಆದರೆ ಹತ್ತು ವರ್ಷದ ನಂತರದ ಸುವರ್ಣ ಮಹೋತ್ಸವದ ಪವನಿನಲ್ಲಿ ಭಾರತದ ಸುದ್ದಿಯೇ ಇಲ್ಲ! ಅಲ್ಲಿರುವುದು ಬ್ರಿಟನ್ನಿನ ರಾಣಿ ಎಂದಷ್ಟೇ. ಭಾರತದ ಹೆಸರು ಪವನಿನ ಮೇಲೆ ಚುಟುಕಾಗಿ ಬಂದದ್ದು 1893ರ ಮುಸುಕಿನ ರಾಣಿಯ ಜೊತೆ.

ದಿಲ್ಲಿಯಲ್ಲಿ ದರ್ಬಾರು ನಡೆಯುವಾಗ ಮದ್ರಾಸ್ ಪ್ರಾಂತ್ಯದಲ್ಲಿ, ಮೈಸೂರಿನಲ್ಲಿ ಏನಾಗುತ್ತಿತ್ತು ಎಂಬುದನ್ನೂ ಹೇಳಲೇಬೇಕು. 1876ರಿಂದ 78ರವರೆಗೆ ಘೋರ ಬರ. ಸತ್ತವರು 50 ಲಕ್ಷಕ್ಕೂ ಮಿಕ್ಕಿ ಎಂಬ ಅಂದಾಜಿದೆ. ಮಳೆ ನಂಬಿದ ನಮ್ಮ ಕರಾವಳಿಗೆ ಅದರ ಬಿಸಿ ಅಷ್ಟು ತಟ್ಟಲಿಲ್ಲ ಎಂಬುದು ನಮ್ಮ ಪುಣ್ಯ. 1887ರ ಫೆಬ್ರವರಿ 16ರಂದು ಭಾರತದಲ್ಲಿ ಸುವರ್ಣ ಮಹೋತ್ಸವ ಆಚರಿಸಿ ಜೈಲಿನ ಕೈದಿಗಳನ್ನು ಬಿಟ್ಟರು, ದೀಪ ಹಚ್ಚಿದರು. 1897ರಲ್ಲಿ 60 ವರ್ಷದ ಉತ್ಸವ ಆಗುವಾಗ ಪುನಃ ಬರ, ಮುಂಬಯಿಯಲ್ಲಿ ಪ್ಲೇಗು. ಉತ್ಸವದ ದೀಪದ ಹೊಳಪಿನಲ್ಲಿ ಇದನ್ನು ಮರೆತರೆ ಚರಿತ್ರೆ ಓದಿದ ಹಾಗಾಗುವುದಿಲ್ಲ.

ಹದಿನೈದು ರೂಪಾಯಿಯ ಪವನ್

ಇಂಗ್ಲೆಂಡಿನ ನಾಣ್ಯ ನಮ್ಮಲ್ಲಿ ನಡೆದದ್ದು ಹೇಗೆ? ಇದಕ್ಕೆ ಬೆಳ್ಳಿಯ ಬೆಲೆ ಕುಸಿದದ್ದೇ ಮೂಲ. 1870ರ ನಂತರ ಲೋಕದಲ್ಲೆಲ್ಲ ಬೆಳ್ಳಿ ಅಗ್ಗವಾಗುತ್ತ ಬಂತು. ರೂಪಾಯಿ ಬೆಳ್ಳಿಯದ್ದು. ಹಿಂದೆ ಒಂದು ಪೌಂಡಿಗೆ 10 ರೂಪಾಯಿ ಇದ್ದದ್ದು ಏರುತ್ತ ಹೋಯಿತು. 1893ರಲ್ಲಿ ಸರಕಾರ ಖಾಸಗಿಯವರು ತಂದ ಬೆಳ್ಳಿಯನ್ನು ರೂಪಾಯಿ ಮಾಡಿಕೊಡುವುದನ್ನು ನಿಲ್ಲಿಸಿತು. 1899ರಲ್ಲಿ ಕಾನೂನು ಮಾಡಿ ಒಂದು ಪವನಿಗೆ 15 ರೂಪಾಯಿ ಎಂದು ಗೊತ್ತುಪಡಿಸಿ ಅದನ್ನು ಭಾರತದಲ್ಲಿ ಸಿಂಧು ನಾಣ್ಯವೆಂದು ಸಾರಿತು. ಅಂದಿನಿಂದ ಪವನನ್ನು ಖಜಾನೆಗೆ ಕಟ್ಟಬಹುದಿತ್ತು, ಖಜಾನೆಯಿಂದ ಪಡೆಯಬಹುದಿತ್ತು.

ಜನ ಚಿನ್ನದ ನಾಣ್ಯವನ್ನು ಕೈಯಿಂದ ಕೈಗೆ ದಾಟಿಸುತ್ತಾರೆ ಎಂಬುದು ಸರಕಾರದ ಎಣಿಕೆ. ನಮ್ಮವರು ಮಾಡಿದ್ದೇ ಬೇರೆ. ಸಿಕ್ಕಿದ ಪವನನ್ನು ಸೀದಾ ಪೆಟ್ಟಿಗೆಗೆ ಹಾಕಿದರು, ಇಲ್ಲವೇ ಆಚಾರಿಗಳ ಹತ್ತಿರ ಕೊಟ್ಟು ಕುಣಿಕೆ ಹಾಕಿಸಿ ಕುತ್ತಿಗೆಗೆ ಏರಿಸಿದರು! ಸಂತೆಗೆ ರೂಪಾಯಿ, ಮನೆಗೆ ಪವನ್. ದೊಡ್ಡ ದೊಡ್ಡ ಅರ್ಥಶಾಸ್ತ್ರಜ್ಞರು ಇದನ್ನು ಭಾರತೀಯರ ಹುಚ್ಚು ಎಂದು ಬರೆದರು. ಇದು ಹುಚ್ಚೋ ಬುದ್ಧಿಯೋ ಎಂಬುದನ್ನು ಮುಂದಿನ ಘಟನೆಗಳೇ ಹೇಳುತ್ತವೆ.

1914ರಲ್ಲಿ ಮಹಾಯುದ್ಧ ಬಂತು. ಚಿನ್ನದ ನಾಣ್ಯ ಕಾಣಸಿಗುವುದೇ ಕಷ್ಟವಾಯಿತು. 1918ರಲ್ಲಿ ಮುಂಬಯಿಯ ಟಂಕಸಾಲೆಯಲ್ಲೇ ಐದನೆಯ ಜಾರ್ಜ್ ದೊರೆಯ ತಲೆಯುಳ್ಳ ಸುಮಾರು 13 ಲಕ್ಷ ಪವನ್ ಅಚ್ಚು ಹಾಕಿದರು. ಅದೇ ವರ್ಷ ಅದೇ ತೂಕದ 15 ರೂಪಾಯಿಯ ಚಿನ್ನದ ಮೊಹರನ್ನೂ ಹೊರಡಿಸಿದರು. 1920ರಲ್ಲಿ ಸರಕಾರ ಮನಸ್ಸು ಬದಲಿಸಿ ಪವನಿಗೆ 10 ರೂಪಾಯಿ ಎಂದಿತು. 1927ರಲ್ಲಿ ಪುನಃ ಬದಲಿಸಿ 13 ರೂಪಾಯಿ 5 ಆಣೆ 4 ಪೈ ಎಂದಿತು. ಅದರೊಂದಿಗೆ ಪವನ್ ಸಿಂಧು ನಾಣ್ಯವಲ್ಲ ಎಂದೂ ಆಯಿತು. ಮೂವತ್ತು ವರ್ಷದೊಳಗೆ ಮೂರು ದರ! ಕಾಗದದ ಮೇಲಿನ ದರ ಕುಣಿಯಿತು. ಪೆಟ್ಟಿಗೆಯೊಳಗಿನ ಬಿಲ್ಲೆಯ ತೂಕ ಗುಂಜಿಯಷ್ಟೂ ಅಲುಗಲಿಲ್ಲ. ನಮ್ಮ ಅಜ್ಜಿಯಂದಿರು ನಂಬಿದ್ದು ರಾಣಿಯನ್ನಲ್ಲ, ಆ ತೂಕವನ್ನು.

ಮುಡಿ ಅಕ್ಕಿ ಮತ್ತು ಪವನ್

ನಮ್ಮ ಕಡೆಯ ಅಂದಿನ ಬದುಕನ್ನು ಸ್ವಲ್ಪ ನೆನಪಿಸಿಕೊಳ್ಳೋಣ. ಗೇಣಿ ಅಕ್ಕಿಯಲ್ಲಿ, ಮುಡಿ ಲೆಕ್ಕ. ಕೂಲಿ ಅಕ್ಕಿಯಲ್ಲಿ, ಸೇರು ಲೆಕ್ಕ. ಚಾಲಗೇಣಿ ಒಕ್ಕಲಿನವನ ಕೈಯಲ್ಲಿ ನಗದು ನಾಣ್ಯ ಕಾಣುವುದೇ ಅಪರೂಪ. ಕಂದಾಯ ಕಟ್ಟುವ ಮೂಲಿದಾರರು, ಬಂದರಿನ ವರ್ತಕರು, ಗಂಗೊಳ್ಳಿ ಕುಂದಾಪುರಗಳಿಂದ ಮಚ್ವೆಯಲ್ಲಿ ಸರಕು ಸಾಗಿಸುವವರು, ಇಂಥವರ ಮನೆಗೆ ಪವನ್ ಮೊದಲು ಬಂತು. ಆಮೇಲೆ ಮುಂಬಯಿಗೆ ಹೋಗಿ ಹೋಟೆಲಿನಲ್ಲಿ ದುಡಿದ ಹುಡುಗರು ಊರಿಗೆ ಬರುವಾಗ ಅಬ್ಬೆಗೋ ತಂಗಿಗೋ ಒಂದು ಪವನ್ ತಂದರು.

ಗಂಡಸಿನ ಹೆಸರಿನಲ್ಲಿ ಭೂಮಿ ಇತ್ತು, ಗೇಣಿ ಚೀಟಿ ಇತ್ತು. ಹೆಂಗಸಿನ ಹೆಸರಿನಲ್ಲಿ ಎಂತ ಇತ್ತು? ಅಳಿಯಸಂತಾನದ ಕುಟುಂಬಗಳನ್ನು ಬಿಟ್ಟರೆ ಹೆಚ್ಚಿನ ಕಡೆ ಆಕೆಯದು ಎನ್ನುವುದಕ್ಕೆ ಕುತ್ತಿಗೆಯ ಮೇಲಿನದ್ದು ಮಾತ್ರ. ಮಗುವಿನ ಜ್ವರಕ್ಕೆ, ಉಳುವ ಕೋಣ ಸತ್ತರೆ ಇನ್ನೊಂದು ತರುವುದಕ್ಕೆ, ಮಗನನ್ನು ಹೈಸ್ಕೂಲಿಗೆ ಸೇರಿಸುವುದಕ್ಕೆ ಆ ಪವನೇ ಬ್ಯಾಂಕು, ಆ ಪವನೇ ವಿಮೆ. ಪವನಿನ ಸರದಿಂದ ಒಂದೊಂದೇ ಬಿಲ್ಲೆ ಕಡಿಮೆಯಾಗುತ್ತ ಬಂದದ್ದನ್ನು ಲೆಕ್ಕ ಹಾಕಿದರೆ ಒಂದು ಮನೆಯ ಚರಿತ್ರೆಯನ್ನೇ ಬರೆಯಬಹುದು.

ಅಡವು ಇಡಲು ಹೋದರೆ ಆಗುತ್ತಿದ್ದ ಲೆಕ್ಕ ಹೀಗೆ. 15 ರೂಪಾಯಿಯ ಒಂದು ಪವನ್ ಇಟ್ಟು 10 ರೂಪಾಯಿ ಸಾಲ ತಂದರೆಂದು ಇಟ್ಟುಕೊಳ್ಳೋಣ. ಬಡ್ಡಿ ರೂಪಾಯಿಗೆ ತಿಂಗಳಿಗೆ ಅರ್ಧಾಣೆ. ಕೇಳುವಾಗ ಅರ್ಧಾಣೆ ತಾನೆ ಎನ್ನಿಸುತ್ತದೆ. 10 ರೂಪಾಯಿಗೆ ತಿಂಗಳಿಗೆ 5 ಆಣೆ, ವರ್ಷಕ್ಕೆ 3 ರೂಪಾಯಿ 12 ಆಣೆ, ಅಂದರೆ ನೂರಕ್ಕೆ 37½ ಆಯಿತು! ಹದಿನಾರು ತಿಂಗಳಿಗೆ ಬಡ್ಡಿಯೇ 5 ರೂಪಾಯಿ; ಅಸಲು ಬಡ್ಡಿ ಸೇರಿ 15. ಅಲ್ಲಿಗೆ ಪವನಿನ ಬೆಲೆ ಮುಗಿಯಿತು. ಎರಡು ಬೆಳೆ ಕೈಕೊಟ್ಟರೆ ಸಾಕು, ಪವನ್ ಸಾಹುಕಾರರ ತಿಜೋರಿಗೆ ಶಾಶ್ವತ. ರಶೀದಿ ಇಲ್ಲ, ತೂಕದ ಚೀಟಿ ಇಲ್ಲ. ಕೇಳಿದರೆ, "ಅದು ಯಾವಾಗ್ಲೋ ಮುಳುಗಿ ಹೋಯ್ತಲೆ!" ಎಂಬ ಉತ್ತರ.

1929ರ ನಂತರ ಲೋಕವ್ಯಾಪಿ ಮುಗ್ಗಟ್ಟಿನಲ್ಲಿ ಧಾನ್ಯದ ಬೆಲೆ ನೆಲ ಕಚ್ಚಿತು. ಕಂದಾಯ, ಬಡ್ಡಿ ಮಾತ್ರ ಇದ್ದಲ್ಲೇ ಇತ್ತು. 1931ರ ಸೆಪ್ಟೆಂಬರದಲ್ಲಿ ಇಂಗ್ಲೆಂಡು ಚಿನ್ನದ ಆಧಾರವನ್ನು ಬಿಟ್ಟುಕೊಟ್ಟಿತು. ಚಿನ್ನದ ಬೆಲೆ ಏರಿತು. ದೇಶದ ಹಳ್ಳಿಹಳ್ಳಿಗಳಿಂದ ರೈತರ ಚಿನ್ನ ಹೊರಟು ಮುಂಬಯಿ ಬಂದರಿನಿಂದ ಹಡಗು ಹತ್ತಿ ವಿದೇಶಕ್ಕೆ ಹೋಯಿತು. ಅಂದಿನ ಪತ್ರಿಕೆಗಳು ಇದನ್ನು ಕಷ್ಟಕಾಲದ ಚಿನ್ನ ಎಂದು ಕರೆದವು. ರಾಣಿಯ ತಲೆಯುಳ್ಳ ಎಷ್ಟೋ ಬಿಲ್ಲೆಗಳು ಬಂದ ದಾರಿಯಲ್ಲೇ ವಾಪಾಸು ಹೋದವು. ಚಿನ್ನ ಇದ್ದವರು ಭೂಮಿ ಉಳಿಸಿಕೊಂಡರು, ಇಲ್ಲದವರು ಭೂಮಿಯನ್ನೇ ಬರೆದುಕೊಟ್ಟರು. ಹುಚ್ಚು ಎಂದು ಬರೆದ ಅರ್ಥಶಾಸ್ತ್ರಜ್ಞರಿಗೆ ನಮ್ಮ ಅಜ್ಜಿಯಂದಿರ ಉತ್ತರ ಇಷ್ಟೇ.

ಸಂಘದ ತಿಜೋರಿ

ಇಲ್ಲಿಗೆ ನಮ್ಮ ಸಹಕಾರದ ಕಥೆ ಬಂದು ಸೇರುತ್ತದೆ. 1904ರಲ್ಲಿ ಭಾರತದ ಮೊದಲ ಸಹಕಾರ ಪತ್ತಿನ ಸಂಘಗಳ ಕಾನೂನು ಆಯಿತು. ಮರುವರ್ಷ 1905ರಲ್ಲಿ ಗದಗ ಸಮೀಪದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ಸಂಘ ಹುಟ್ಟಿತು. ನಮ್ಮ ಅವಿಭಜಿತ ದಕ್ಷಿಣ ಕನ್ನಡದಲ್ಲಿ ಈ ದೀಪ ಹಚ್ಚಿದವರು ಮೊಳಹಳ್ಳಿ ಶಿವರಾಯರು. ಹೆಸರಿನಲ್ಲಿ ಕುಂದಾಪುರ ತಾಲೂಕಿನ ಮೊಳಹಳ್ಳಿ, ಕಾರ್ಯಕ್ಷೇತ್ರ ಪುತ್ತೂರು. 1909ರಲ್ಲಿ ಪುತ್ತೂರಿನಲ್ಲಿ ಸಂಘ, 1914ರಲ್ಲಿ ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕು. ಜಿಲ್ಲೆಯ ಮಣ್ಣಿನಲ್ಲಿ ಬ್ಯಾಂಕುಗಳೂ ಹುಟ್ಟಿದವು: 1906ರಲ್ಲಿ ಉಡುಪಿಯಲ್ಲಿ ಕಾರ್ಪೊರೇಶನ್ ಬ್ಯಾಂಕು, ಅದೇ ವರ್ಷ ಮಂಗಳೂರಿನಲ್ಲಿ ಕೆನರಾ ಬ್ಯಾಂಕು, 1925ರಲ್ಲಿ ಉಡುಪಿಯಲ್ಲಿ ಸಿಂಡಿಕೇಟ್ ಬ್ಯಾಂಕು, 1931ರಲ್ಲಿ ಮಂಗಳೂರಿನಲ್ಲಿ ವಿಜಯಾ ಬ್ಯಾಂಕು. ಇವುಗಳಲ್ಲಿ ವಿಜಯಾ 2019ರಲ್ಲಿ, ಕಾರ್ಪೊರೇಶನ್ ಮತ್ತು ಸಿಂಡಿಕೇಟ್ 2020ರಲ್ಲಿ ಬೇರೆ ಬ್ಯಾಂಕುಗಳೊಳಗೆ ಲೀನವಾದವು. ಹಳ್ಳಿಯ ಸಂಘಗಳು ಮಾತ್ರ ಅದೇ ಹೆಸರಿನಲ್ಲಿ ಅಲ್ಲಲ್ಲಿ ನಿಂತಿವೆ ಎಂಬುದು ಸಣ್ಣ ಮಾತಲ್ಲ.

ಸಂಘ ಮಾಡಿದ್ದು ಏನು? ಅಡವಿನ ಪದ್ಧತಿಯನ್ನು ತೆಗೆದುಹಾಕಲಿಲ್ಲ. ಅದನ್ನು ಬೆಳಕಿಗೆ ತಂದಿತು. ಸದಸ್ಯರ ಎದುರಿನಲ್ಲೇ ತೂಕ, ತೂಕಕ್ಕೆ ಚೀಟಿ, ಹಣಕ್ಕೆ ರಶೀದಿ, ಬಡ್ಡಿಗೆ ಬರವಣಿಗೆ, ವಾಯಿದೆ ಮೀರಿದರೆ ನೋಟೀಸು, ಹರಾಜಾದರೆ ಸಾಲ ಕಳೆದು ಉಳಿದ ಹಣ ಸದಸ್ಯರಿಗೆ. ಅದಕ್ಕೂ ಮಿಗಿಲಾಗಿ, ಬಡ್ಡಿಯ ಲಾಭ ಒಬ್ಬರ ತಿಜೋರಿಗೆ ಹೋಗದೆ ಡಿವಿಡೆಂಡಾಗಿ ಸದಸ್ಯರಿಗೇ ತಿರುಗಿ ಬರುತ್ತದೆ. ಕೇಳಲಿಕ್ಕೆ ಸಾದಾ ವಿಷಯ. ಆದರೆ ಮೇಲೆ ಹೇಳಿದ ಹದಿನಾರು ತಿಂಗಳ ಲೆಕ್ಕವನ್ನು ಓದಿದವರಿಗೆ ಇದರ ಬೆಲೆ ಗೊತ್ತಾಗುತ್ತದೆ.

ಸ್ವಾತಂತ್ರ್ಯ ಬಂದ ಮೇಲೂ ಚಿನ್ನದ ಹಾದಿ ಸಸಾರವಾಗಿರಲಿಲ್ಲ. ಚೀನಾ ಯುದ್ಧದ ಬೆನ್ನಿಗೆ 1963ರ ಜನವರಿಯಲ್ಲಿ ಹಣಕಾಸು ಮಂತ್ರಿ ಮೊರಾರ್ಜಿ ದೇಸಾಯಿಯವರು ಚಿನ್ನದ ನಿಯಂತ್ರಣ ತಂದರು. 14 ಕ್ಯಾರೆಟಿಗಿಂತ ಶುದ್ಧವಾದ ಹೊಸ ಒಡವೆ ಮಾಡುವಂತಿಲ್ಲ ಎಂದಾಯಿತು. ಎಷ್ಟೋ ಅಕ್ಕಸಾಲಿಗ ಕುಟುಂಬಗಳು ಕುಲಕಸುಬು ಬಿಟ್ಟು ಬೇರೆ ದಾರಿ ನೋಡಬೇಕಾಯಿತು. 1966ರಲ್ಲಿ ಆ ನಿರ್ಬಂಧ ಹೋಯಿತು. 1968ರ ಚಿನ್ನ ನಿಯಂತ್ರಣ ಕಾಯಿದೆ 1990ರವರೆಗೆ ನಡೆಯಿತು. ಬೆಲೆಯ ಓಟವನ್ನು ನೋಡಿ: 1970ರ ಸುಮಾರಿಗೆ 10 ಗ್ರಾಂ ಚಿನ್ನಕ್ಕೆ 180 ರೂಪಾಯಿಯ ಆಸುಪಾಸು, 1990ರಲ್ಲಿ 3,000 ಮೀರಿತು, 2024ರಲ್ಲಿ 70,000 ದಾಟಿತು. 1899ರಲ್ಲಿ 15 ರೂಪಾಯಿಗೆ ಸಿಕ್ಕಿದ ಬಿಲ್ಲೆಯನ್ನು ಮಾರದೆ ಇಟ್ಟುಕೊಂಡ ಮನೆಯವರು ಅದೃಷ್ಟವಂತರು.

ನಿಮ್ಮ ಮನೆಯ ಪವನನ್ನು ಗುರುತಿಸುವುದು

ಪೆಟ್ಟಿಗೆಯಲ್ಲಿ ಹಳೆ ಪವನ್ ಇದ್ದವರಿಗಾಗಿ ನಾಲ್ಕು ಮಾತು.

ನಿಜವಾದ ಪವನಿನ ತೂಕ 7.988 ಗ್ರಾಂ, ಅಡ್ಡಳತೆ ಸುಮಾರು 22 ಮಿಲಿಮೀಟರು. ಅದು 22 ಕ್ಯಾರೆಟಿನದ್ದು, ಅಂದರೆ 24 ಪಾಲಿನಲ್ಲಿ 22 ಪಾಲು ಚಿನ್ನ. ಲೆಕ್ಕ ಹಾಕಿದರೆ ಅಪ್ಪಟ ಚಿನ್ನ 7.32 ಗ್ರಾಂ, ಉಳಿದದ್ದು ಗಟ್ಟಿತನಕ್ಕೆ ಸೇರಿಸಿದ ತಾಮ್ರ. ಅದಕ್ಕೇ ಅದರ ಬಣ್ಣದಲ್ಲಿ ಸ್ವಲ್ಪ ಕೆಂಪು. ನಾವು ಈಗ ವ್ಯವಹಾರದಲ್ಲಿ ಪವನೆಂದರೆ 8 ಗ್ರಾಂ ಎಂದು ಸಲೀಸಾಗಿ ಹಿಡಿಯುತ್ತೇವೆ. ಅಂಗಡಿಯವರು ಹೇಳುವ '916' ಕೂಡ ಬೇರೇನಲ್ಲ. 22ನ್ನು 24ರಿಂದ ಭಾಗಿಸಿದರೆ ಬರುವ ಸಂಖ್ಯೆ, ಸಾವಿರಕ್ಕೆ 916 ಪಾಲು. ತೇಯ್ದು 7.938 ಗ್ರಾಂಗಿಂತ ಕಡಿಮೆಯಾದ ಪವನ್ ಇಂಗ್ಲೆಂಡಿನಲ್ಲಿಯೇ ಚಲಾವಣೆಗೆ ಸಲ್ಲುತ್ತಿರಲಿಲ್ಲ. ಅಷ್ಟು ಬಿಗಿ.

ಹಿಂಬದಿಯಲ್ಲಿ ಕುದುರೆ ಸವಾರನೊಬ್ಬ ಘಟಸರ್ಪದಂಥ ಪ್ರಾಣಿಯನ್ನು ತುಳಿಯುತ್ತಿರುವ ಚಿತ್ರ ಇದ್ದರೆ ಅದು ಸಂತ ಜಾರ್ಜ್. 1817ರಲ್ಲಿ ಮೊದಲು ಬಂದ ಪಿಸ್ಟ್ರುಚ್ಚಿ ಎಂಬ ಇಟಲಿಯ ಶಿಲ್ಪಿಯ ಕೆತ್ತನೆ. ಕೆಳಗೆ ಇಸವಿ ಇರುತ್ತದೆ. ಇಸವಿಯ ಮೇಲಿನ ನೆಲದ ಗೆರೆಯಲ್ಲಿ ಭೂತಗನ್ನಡಿ ಹಿಡಿದು ನೋಡಿ. ಒಂದು ಪುಟ್ಟ ಅಕ್ಷರ ಇರಬಹುದು. ಎಸ್ ಇದ್ದರೆ ಸಿಡ್ನಿ, ಎಂ ಇದ್ದರೆ ಮೆಲ್ಬೋರ್ನ್, ಪಿ ಇದ್ದರೆ ಪರ್ತ್. ಇವು ಆಸ್ಟ್ರೇಲಿಯಾದ ಟಂಕಸಾಲೆಗಳು. 1918ನೇ ಇಸವಿಯ ಜೊತೆ ಐ ಇದ್ದರೆ ಅದು ನಮ್ಮ ಮುಂಬಯಿಯದ್ದು. ಅಕ್ಷರವೇ ಇಲ್ಲದಿದ್ದರೆ ಸಾಮಾನ್ಯವಾಗಿ ಲಂಡನ್ನಿನದ್ದು.

ನಮ್ಮ ಸರಗಳಲ್ಲಿರುವ ಎಲ್ಲ ಬಿಲ್ಲೆಯೂ ಟಂಕಸಾಲೆಯದ್ದೇ ಎಂದು ತಿಳಿಯಬೇಡಿ. ನಾಣ್ಯ ನೋಡಿ ಅಚ್ಚು ತೆಗೆದು ಮಾಡಿದ ಬಿಲ್ಲೆಗಳೂ ಇವೆ. ಅಕ್ಷರ ಮಸುಕು, ಅಂಚಿನ ಗೀರು ಒರಟು, ತೂಕದಲ್ಲಿ ವ್ಯತ್ಯಾಸ. ಕುಣಿಕೆ ಬೆಸೆದ ನಾಣ್ಯಕ್ಕೆ ಚಿನ್ನದ ಬೆಲೆ ಸಿಗುತ್ತದೆ, ಸಂಗ್ರಾಹಕರ ಬೆಲೆ ಸಿಗುವುದು ಕಷ್ಟ. ಬೆಸೆಯದೆ ಉಳಿದದ್ದಿದ್ದರೆ ಹುಣಸೆ ಹುಳಿ, ಬೂದಿ ಹಾಕಿ ತಿಕ್ಕಬೇಡಿ, ಹಾಗೆಯೇ ಇರಲಿ. ಹೊಸ ವಿನ್ಯಾಸದ ಆಸೆಗೆ ಕರಗಿಸುವ ಮೊದಲು ಒಮ್ಮೆ ಇಸವಿ ನೋಡಿ. ನೂರು ವರ್ಷ ದಾಟಿದ ನಾಣ್ಯ ಪ್ರಾಚ್ಯವಸ್ತು ಕಾನೂನಿನ ಒಳಗೆ ಬರುತ್ತದೆ. ವಿದೇಶಕ್ಕೆ ಕೊಂಡುಹೋಗುವ ಮೊದಲು ತಿಳಿದವರಲ್ಲಿ ಕೇಳುವುದು ಒಳ್ಳೆಯದು. ನೆಲ ಅಗೆಯುವಾಗ ನಿಧಿ ಸಿಕ್ಕಿದರೆ ಸರಕಾರಕ್ಕೆ ತಿಳಿಸಲೇಬೇಕು. ಹೊಸ ಒಡವೆ ಕೊಳ್ಳುವಾಗ ಹಾಲ್‌ಮಾರ್ಕ್ ನೋಡಿಯೇ ಕೊಳ್ಳಿ; 2021ರ ಜೂನ್ 16ರಿಂದ ದೇಶದ ಹಲವು ಜಿಲ್ಲೆಗಳಲ್ಲಿ ಅದು ಕಡ್ಡಾಯವಾಯಿತು.

ಕೊನೆಯ ಮಾತು

ವಿಕ್ಟೋರಿಯಾಳ ದಾಖಲೆಯನ್ನು ಮುರಿದು 70 ವರ್ಷ ಆಳಿದ ಎರಡನೆಯ ಎಲಿಜಬೆತ್ ರಾಣಿಯ ಹೆಸರಿನಲ್ಲಿಯೂ 2012ರ 60ನೇ ವರ್ಷಕ್ಕೆ, 2022ರ 70ನೇ ವರ್ಷಕ್ಕೆ ವಿಶೇಷ ಪವನ್ ಬಂತು. 2013ರಲ್ಲಿ ಪವನನ್ನು ದಿಲ್ಲಿಯ ಸಮೀಪ ಅಚ್ಚು ಹಾಕುವ ವ್ಯವಸ್ಥೆಯೂ ಆಯಿತು. 1918ರ ಆ ಐ ಅಕ್ಷರ ಪುನಃ ಕಾಣಿಸಿಕೊಂಡಿತು. ಆ ರಾಣಿಯೂ 2022ರ ಸೆಪ್ಟೆಂಬರ್ 8ರಂದು ತೀರಿಕೊಂಡರು. ದೊರೆಗಳು ಬರುತ್ತಾರೆ, ಹೋಗುತ್ತಾರೆ. ನಮ್ಮ ಭಾಷೆಯಲ್ಲಿ ಉಳಿದದ್ದು ಯಾವ ದೊರೆಯ ಹೆಸರೂ ಅಲ್ಲ, ಒಂದು ತೂಕದ ಹೆಸರು.

ಆದರೆ ಒಂದು ಕಹಿ ಮಾತನ್ನೂ ಹೇಳಿ ಮುಗಿಸಬೇಕು. ಹೆಣ್ಣಿನ ಕಷ್ಟಕಾಲಕ್ಕೆ ಆಸರೆಯಾಗಿ ಬಂದ ಪವನೇ ಹೆಣ್ಣು ಹೆತ್ತವರನ್ನು ಸಾಲಕ್ಕೆ ತಳ್ಳುವ ಅಳತೆಗೋಲೂ ಆಗಿಬಿಟ್ಟಿದೆ. ವರದಕ್ಷಿಣೆ ನಿಷೇಧ ಕಾನೂನು ಬಂದದ್ದು 1961ರಲ್ಲಿ. "ನಾವೇನೂ ಕೇಳುದಿಲ್ಲ, ನಿಮ್ ಹೆಣ್ಣಿಗೆ ನೀವ್ ಹಾಕಿ" ಎಂಬ ನಯವಾದ ಮಾತಿನ ಹಿಂದೆ ಇಷ್ಟು ಪವನ್ ಎಂಬ ಎಣಿಕೆ ಇದ್ದೇ ಇರುತ್ತದೆ. ಮದುವೆಗೆಂದು ಹಾಕಿದ ಸರ ಮೂರೇ ತಿಂಗಳಿಗೆ ಸಂಘದ ಮೇಜಿಗೆ ಬಂದರೆ ಅದರಲ್ಲಿ ಹೊಳಪು ಎಲ್ಲಿದೆ? ಬೇಸಾಯಕ್ಕೆ, ಮಕ್ಕಳ ಓದಿಗೆ, ಒಂದು ಅಂಗಡಿ ಹಾಕುವುದಕ್ಕೆ ಪವನ್ ಇಟ್ಟು ಸಾಲ ಪಡೆಯಿರಿ, ಹೊತ್ತಿಗೆ ಸರಿಯಾಗಿ ಬಿಡಿಸಿಕೊಳ್ಳಿ. ತೋರಿಕೆಗಾಗಿ ಇಡಬೇಡಿ.

ವಿಕ್ಟೋರಿಯಾಳ 50 ವರ್ಷಕ್ಕೆ ಚಿನ್ನದ ಬಿಲ್ಲೆ ಹೊಡೆದರು. ನಮ್ಮ ಸಂಘದ 25 ವರ್ಷಕ್ಕೆ ಯಾವ ನಾಣ್ಯವೂ ಬೇಡ. ಅಡವಿಟ್ಟ ಪವನ್ ತೂಕದಲ್ಲಿ ಗುಂಜಿಯಷ್ಟೂ ಕಡಿಮೆಯಾಗದೆ ಅದರ ಒಡತಿಯ ಕೈಗೆ ವಾಪಾಸು ಹೋದರೆ ಅದೇ ನಮಗೆ ಉತ್ಸವ. ಆಡಳಿತ ಮಂಡಳಿಯವರೂ ಸಿಬ್ಬಂದಿ ವರ್ಗದವರೂ ಸದಸ್ಯ ಬಾಂಧವರೂ ಈ ನಂಬಿಕೆಯನ್ನು ಹೀಗೆಯೇ ಕಾಪಾಡಿಕೊಂಡು ಬರಲಿ, ಸಂಘವು ಸುವರ್ಣ ಮಹೋತ್ಸವವನ್ನೂ ಕಾಣಲಿ ಎಂದು ಹಾರೈಸುತ್ತೇನೆ.